ಆಚೆ ದಡದಲ್ಲಿ ಎದ್ದ ಊರು

ಈ ಊರನ್ನು ಸ್ಥಾಪಿಸಿದವನು ನಾನು ಎಂದು ಜನ ಹೇಳುತ್ತಾರೆ. ಹೇಳುವವರ ಬಾಯಿಗೆ ಬೀಗ ಹಾಕಲು ಆಗುತ್ತದೆಯೇ? ಹೊಸಬರು ಯಾರಾದರೂ ಬಂದರೆ ಸಾಕು, ಕಮ್ಮಾರ ಮೆಕ್‌ಇಲ್ವೇನ್ ಸುತ್ತಿಗೆ ಕೆಳಗಿಟ್ಟು ನನ್ನ ಕಡೆ ಬೆರಳು ತೋರಿಸುತ್ತಾನೆ. "ಅಗೋ, ನಮ್ಮೂರ ಮೂಲಪುರುಷರು" ಎನ್ನುತ್ತಾನೆ. ಆಮೇಲೆ ಮುಖವನ್ನು ಕುಲುಮೆಯ ಕಡೆ ತಿರುಗಿಸಿ ನಗುತ್ತಾನೆ. ನಗಲಿ ಬಿಡಿ. ಒಬ್ಬ ಮನುಷ್ಯ ಹೊಳೆಯ ಪಡುವಣ ದಡದಲ್ಲಿ ಊರು ಕಟ್ಟುತ್ತೇನೆಂದು ವರ್ಷಗಟ್ಟಲೆ ಒದ್ದಾಡಿ, ಊರು ಮೂಡಣ ದಡದಲ್ಲಿ ತಾನಾಗಿಯೇ ಎದ್ದು ಕೂತರೆ ನಾನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆ ಮನುಷ್ಯ ನಾನೇ ಆಗಿದ್ದದ್ದು ಒಂದೇ ತೊಂದರೆ.

ನನ್ನ ಹೆಸರು ಜೇಬೆಜ್ ಟನ್‌ಸ್ಟಾಲ್. ಹುಟ್ಟಿದ್ದು ಯಾರ್ಕ್‌ಷೈರಿನಲ್ಲಿ. ಅಲ್ಲಿ ಬಿಯರ್ ಮಾಡುವವನೊಬ್ಬನ ಹತ್ತಿರ ಪೀಪಾಯಿ ತೊಳೆಯುತ್ತಿದ್ದೆ. ತೊಳೆದದ್ದಕ್ಕಿಂತ ಕುಡಿದದ್ದೇ ಹೆಚ್ಚು ಎಂದು ಯಜಮಾನ ಓಡಿಸಿದ ಮೇಲೆ ಹಡಗು ಹತ್ತಿದೆ. ಪೆನ್ಸಿಲ್ವೇನಿಯಾಕ್ಕೆ ಬಂದು, ಎರಡು ಕುದುರೆಗಳ ಮೇಲೆ ಕಂಬಳಿ, ತಾಮ್ರದ ಪಾತ್ರೆ, ಕೋವಿಯ ಮದ್ದಿನ ಪುಡಿ ಹೇರಿಕೊಂಡು, ಹೆಂಡತಿ ಹೆಪ್ಸಿಯನ್ನು ಮೂರನೆಯ ಕುದುರೆಯ ಮೇಲೆ ಕೂರಿಸಿಕೊಂಡು ಸಸ್ಕ್ವೆಹಾನಾ ಹೊಳೆಯವರೆಗೆ ಬಂದೆ. ಅಲ್ಲಿಂದ ಮುಂದೆ ಆ ಕಾಡಿನ ಮೂಲದವರು, ಲೆನಾಪೆ ಜನ, ಶವಾನೀ ಜನ. ಅವರು ಜಿಂಕೆ ಚರ್ಮ ತರುತ್ತಿದ್ದರು, ನಾನು ಕಂಬಳಿ ಕೊಡುತ್ತಿದ್ದೆ. ಅವರು ಬರುತ್ತಿದ್ದದ್ದು ಪಡುವಣದಿಂದ. ಹಾಗಾಗಿ ಹೊಳೆ ದಾಟಿ ಪಡುವಣ ದಡದಲ್ಲೇ ಮನೆ ಕಟ್ಟಿದೆ. ಗಿರಾಕಿ ಬರುವ ಕಡೆ ವ್ಯಾಪಾರಿ ಅಂಗಡಿ ಇಡುತ್ತಾನೆ. ಇದರಲ್ಲಿ ತಪ್ಪು ಹುಡುಕುವವನು ಇನ್ನೂ ಹುಟ್ಟಿಲ್ಲ ಅಂದುಕೊಂಡಿದ್ದೆ.

ಕೆಲವು ವರ್ಷ ಕಳೆಯಿತು. ಮೂಡಣದಿಂದ ಗಾಡಿಗಳು ಬರತೊಡಗಿದವು. ಜರ್ಮನಿಯವರು, ಐರ್ಲೆಂಡಿನ ಕಡೆಯ ಸ್ಕಾಟರು, ಎಲ್ಲರಿಗೂ ಹೊಳೆ ದಾಟಿ ಹೊಸ ನೆಲಕ್ಕೆ ಹೋಗುವ ಆತುರ. ನಾನು ಚಪ್ಪಟೆ ತಳದ ದೊಡ್ಡ ದೋಣಿಯೊಂದನ್ನು ಮಾಡಿಸಿ ಕಡವು ಶುರು ಮಾಡಿದೆ. ಆ ದಡದಿಂದ ಈ ದಡಕ್ಕೆ ದೋಣಿ ನಡೆಸುವ ಹಕ್ಕು ಪ್ರಾಂತ್ಯದ ಭೂಮಿ ಕಚೇರಿಯಿಂದ ನನಗೊಬ್ಬನಿಗೇ ಸಿಕ್ಕಿತು. ಮುಂದೆ ನಿಂತು ಉದ್ದ ಕೋಲಿನ ಜಲ್ಲೆ ಹಾಕುವವನು ನಾನು, ಹಿಂದೆ ನಿಂತು ಚುಕ್ಕಾಣಿ ಹಿಡಿಯುವವಳು ಹೆಪ್ಸಿ. ನೋಡಿದವರು ನಾನು ದೋಣಿ ನಡೆಸುತ್ತೇನೆ ಅಂದುಕೊಳ್ಳುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಅವಳಿಗೆ ಜ್ವರ ಬಂದ ದಿನ ದೋಣಿ ಎರಡು ಸುತ್ತು ಗಿರಗಿರನೆ ತಿರುಗಿ, ಬಿಟ್ಟ ದಡಕ್ಕೇ ವಾಪಸು ಬಂದ ಮೇಲೆ ಸತ್ಯ ತಿಳಿಯಿತು.

ಕಡವಿನ ರೂಢಿ ನಿಮಗೆ ಗೊತ್ತಿರಬೇಕು. ದೋಣಿ ಇರುವುದು ಅಂಬಿಗನ ದಡದಲ್ಲಿ. ಆಚೆ ದಡದಲ್ಲಿ ಮರಕ್ಕೊಂದು ಕೊಂಬು ಕಟ್ಟಿರುತ್ತದೆ. ಬಂದವರು ಊದಬೇಕು, ಕಾಯಬೇಕು. ನನ್ನ ಕಡವಿನಲ್ಲಿ ಎರಡನೆಯದೇ ಹೆಚ್ಚು. ಯಾಕೆಂದರೆ ಲೆನಾಪೆಯವರ ಜೊತೆ ವ್ಯಾಪಾರವೆಂದರೆ ಕೊಟ್ಟು ತಗೊಂಡು ಎದ್ದು ಹೋಗುವುದಲ್ಲ. ಮೊದಲು ಹೊಗೆಸೊಪ್ಪು ಸೇದಬೇಕು. ಆಮೇಲೆ ಊಟ. ಆಮೇಲೆ ಅವರ ಸೋದರಮಾವನ ಕಾಲುನೋವು, ನನ್ನ ಕುದುರೆಯ ಕೆಮ್ಮು. ಚರ್ಮದ ಕಟ್ಟು ಬಿಚ್ಚುವುದು ಮಾರನೆಯ ದಿನ. ನಡುವೆ ಕೊಂಬು ಕೂಗಿತೆಂದು ಎದ್ದರೆ ಮರ್ಯಾದೆ ಹೋಯಿತು, ಚರ್ಮವೂ ಹೋಯಿತು. ಆದ್ದರಿಂದ ನಾನು ಏಳುತ್ತಿರಲಿಲ್ಲ. ಇನ್ನು ಮಂಜು, ಪ್ರವಾಹ, ಚಳಿಗಾಲದಲ್ಲಿ ಹೊಳೆಯ ಮೇಲೆ ಕಟ್ಟುವ ಮಂಜುಗಡ್ಡೆ, ಊಟವಾದ ಮೇಲೆ ನನ್ನ ಸಣ್ಣ ನಿದ್ದೆ. ಆಚೆ ದಡದಲ್ಲಿ ಕೊಂಬು ಕೂಗುತ್ತಲೇ ಇರುತ್ತಿತ್ತು.

ಕಾಯುವವರು ಮೊದಲು ಬೆಂಕಿ ಹಾಕಿದರು. ಆಮೇಲೆ ಸೊಪ್ಪಿನ ಚಪ್ಪರ ಹಾಕಿದರು. ಆಮೇಲೆ ಕ್ಲಿಂಗರಮ್ಮ ಬಂದಳು. ಜರ್ಮನಿಯವಳು, ವಿಧವೆ, ಎರಡು ಮಕ್ಕಳ ತಾಯಿ, ತೋಳು ನನ್ನ ತೊಡೆಗಿಂತ ದಪ್ಪ. ಅವಳ ಗಾಡಿಯ ಅಚ್ಚು ಮುರಿದಿತ್ತು. ಮಕ್ಕಳಿಗೆ ಹಸಿವು ಎಂದು ದಡದ ಜೇಡಿಮಣ್ಣಿನಲ್ಲೇ ಬ್ರೆಡ್ಡಿನ ಗೂಡೊಲೆ ಕಟ್ಟಿ ಉರಿ ಹಾಕಿದಳು. ಘಮ ಹೊಮ್ಮಿದ್ದೇ ತಡ, ಕಾಯುತ್ತಿದ್ದವರೆಲ್ಲ ಸಾಲುಗಟ್ಟಿ ನಿಂತರು. ನಾನು ದೋಣಿ ತೆಗೆದುಕೊಂಡು ಹೋದಾಗ ಅವಳು ಹಿಟ್ಟು ನಾದುತ್ತಿದ್ದಳು.

"ಬನ್ನಿ ತಾಯಿ, ಹತ್ತಿ" ಎಂದೆ.

"ಹತ್ತೋದೇನು? ಒಲೆ ಈಗ್ತಾನೆ ಕಾದಿದೆ. ಮುಂದಿನ ಸಲ ನೋಡೋಣ" ಎಂದಳು.

ಆ ಮುಂದಿನ ಸಲ ಇವತ್ತಿಗೂ ಬಂದಿಲ್ಲ.

ಮೆಕ್‌ಇಲ್ವೇನ್ ಬಂದದ್ದೂ ಹೀಗೇ. ಕಾಯುತ್ತಾ ಕೂತವನು ಪಕ್ಕದ ಗಾಡಿಯ ಕುದುರೆಗೆ ಲಾಳ ಹೊಡೆದುಕೊಟ್ಟ. ಆಮೇಲೆ ಅದರ ಪಕ್ಕದ್ದಕ್ಕೆ. ನಾನು ಕೊನೆಗೂ ದಡ ಮುಟ್ಟಿದಾಗ ಅವನು ನನ್ನನ್ನು ಕೇಳಿದ: "ಆ ಕಡೆ ಏನಿದೆ ಅಣ್ಣಾ?"

"ನೆಲ ಇದೆ. ಬೇಕಾದಷ್ಟು."

"ಕುದುರೆ?"

"ನಂದು ಮೂರಿವೆ."

"ಇಲ್ಲಿ ದಿನಾ ಹತ್ತು ಬಂದು ನಿಲ್ತವೆ. ನೀನು ನಿಧಾನವಾಗೇ ಬಾರಣ್ಣಾ, ಅವಸರ ಮಾಡ್ಕೋಬೇಡ" ಎಂದು ಹೇಳಿ ಅಲ್ಲೇ ಕುಲುಮೆ ಹೂಡಿದ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುತ್ತಾರೆ. ನನ್ನ ಹಣೆಬರಹ ನೋಡಿ, ಈ ಜನ ಹೊಳೆ ದಾಟುವ ಮುಂಚೆಯೇ ನನ್ನ ಹಂಗು ಬಿಟ್ಟರು.

ಇತ್ತ ಪಡುವಣ ದಡದಲ್ಲಿ ನಾನೇನು ಮಾಡುತ್ತಿದ್ದೆ? ಪಟ್ಟಣ ಕಟ್ಟುತ್ತಿದ್ದೆ. ಹಗ್ಗ ಹಿಡಿದು ಅಳೆದು, ಗೂಟ ಹೊಡೆದು, ಇದು ದೊಡ್ಡ ಬೀದಿ, ಇದು ಸಂತೆ ಮೈದಾನ, ಇದು ಚರ್ಚು ಎಂದು ಗುರುತು ಮಾಡಿದ್ದೆ. ಟನ್‌ಸ್ಟಾಲ್ ಪಟ್ಟಣ ಎಂದು ಹೆಸರೂ ಇಟ್ಟಿದ್ದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನಮ್ಮ ಮನೆತನದ ಗುಣ, ನಮ್ಮಪ್ಪ ಬಾರದ ಆಸ್ತಿಗೆ ಬೇಲಿಯ ಮರ ಕಡಿಸಿಟ್ಟಿದ್ದ. ಒಂದು ದಿನ ಹಳೆಯ ಗಿರಾಕಿ ಸೈಮನ್ ಬಂದ. ಲೆನಾಪೆಯವನು. ಅವನ ನಿಜವಾದ ಹೆಸರು ನನ್ನ ನಾಲಗೆಗೆ ಹೊರಳುತ್ತಿರಲಿಲ್ಲ, ಟನ್‌ಸ್ಟಾಲ್ ಎನ್ನುವುದು ಅವನ ನಾಲಗೆಗೂ ಹೊರಳುತ್ತಿರಲಿಲ್ಲ, ಇಬ್ಬರಿಗೂ ಸರಿಹೋಗಿತ್ತು.

"ಏನೋ ಊರು ಕಟ್ಟಿದೀಯಂತಲ್ಲ ಗೆಳೆಯಾ, ಎಲ್ಲಿ?" ಎಂದ.

"ನೀನು ನಿಂತಿದೀಯಲ್ಲ, ಅದೇ ಸಂತೆ ಮೈದಾನ" ಎಂದೆ.

ಅವನು ಥಟ್ಟನೆ ಒಂದು ಕಾಲು ಎತ್ತಿ ಕೆಳಗೆ ನೋಡಿದ. "ಅಯ್ಯೋ, ಯಾರನ್ನಾದ್ರೂ ತುಳಿದುಬಿಟ್ನಾ?"

ಹೆಪ್ಸಿ ಒಳಗಿನಿಂದ ನಕ್ಕದ್ದು ನನಗೆ ಕೇಳಿಸಿತು. ಅವಳು ನಗುತ್ತಿದ್ದದ್ದೇ ಅಪರೂಪ. ಹೆಚ್ಚು ಮಾತಿನವಳೂ ಅಲ್ಲ. ನನಗೆ ಅಷ್ಟು ಸಾಕಾಗಿತ್ತು, ಮಾತನಾಡುವ ಕೆಲಸವನ್ನು ಮನೆಯಲ್ಲಿ ನಾನೇ ವಹಿಸಿಕೊಂಡಿದ್ದೆ.

ಆ ನೆಲ ನನಗೆ ಸಿಕ್ಕದ್ದು ಒಂದು ಷರತ್ತಿನ ಮೇಲೆ. ಭೂಮಿ ಕಚೇರಿಯವರು ಗಡುವು ಹಾಕಿ, ಅಷ್ಟರೊಳಗೆ ಅಲ್ಲಿ ಊರು ಆಗಬೇಕು ಎಂದಿದ್ದರು. ಊರು ಆಗದಿದ್ದರೂ, ಅವರ ಅಧಿಕಾರಿ ನೋಡಲು ಬಂದ ದಿನ ಸ್ಥಾಪಕನ ಸಂಸಾರ ಆ ನೆಲದ ಮೇಲೆ ಒಲೆ ಹಚ್ಚಿ ವಾಸವಾಗಿದ್ದರೆ ಮತ್ತೆ ಮೂರು ವರ್ಷ ಗಡುವು ಸಿಗುತ್ತಿತ್ತು. ಸಂಸಾರವೇ ಇಲ್ಲವೆಂದರೆ ನೆಲ ವಾಪಸು, ಹೆಸರೂ ವಾಪಸು. ಅಧಿಕಾರಿ ಬರುವುದು ಆ ವಸಂತದಲ್ಲಿ ಎಂದು ಹೇಳಿ ಕಳಿಸಿದ್ದರು. ನನ್ನ ಬಳಿ ಒಲೆ ಇತ್ತು, ಹೆಂಡತಿ ಇದ್ದಳು. ಸಾಕಲ್ಲ?

ಸಾಕಾಗುತ್ತಿತ್ತು, ಅವಳು ಬಸುರಿಯಾಗಿರದಿದ್ದರೆ.

ಇಲ್ಲೊಂದು ಮಾತು ಹೇಳಬೇಕು. ಅದಕ್ಕೆ ನಾಲ್ಕು ವರ್ಷ ಮುಂಚೆ ನಮಗೊಂದು ಗಂಡು ಮಗು ಹುಟ್ಟಿತ್ತು. ಆ ಹೊತ್ತಿನಲ್ಲಿ ಮನೆಯಲ್ಲಿ ಅವಳ ಜೊತೆ ಇದ್ದವನು ನಾನೊಬ್ಬನೇ. ಚರ್ಮವನ್ನು ಮೂಸಿ ಜಿಂಕೆಯ ವಯಸ್ಸು ಹೇಳುತ್ತೇನೆಂದು ಜಂಬ ಕೊಚ್ಚುವವನಿಗೆ, ಒಂದು ಹೆಣ್ಣು ನೋವಿನಲ್ಲಿದ್ದಾಗ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮಗು ಉಳಿಯಲಿಲ್ಲ. ಮನೆಯ ಹಿಂದೆ ವಾಲ್‌ನಟ್ ಮರದ ಕೆಳಗೆ ಮಣ್ಣು ಮಾಡಿದೆವು. ನನ್ನ ಬಗ್ಗೆ ಎಷ್ಟು ಬೇಕಾದರೂ ತಮಾಷೆ ಮಾಡಬಲ್ಲೆ, ಇದರ ಬಗ್ಗೆ ಮಾತ್ರ ನನಗೆ ಬರುವುದಿಲ್ಲ.

ಈ ಸಲ ಚಳಿಗಾಲದ ಕೊನೆಯಲ್ಲಿ ಒಂದು ದಿನ ಮನೆಗೆ ಬಂದರೆ ಹೆಪ್ಸಿ ದೊಡ್ಡ ಹಂಡೆಯಲ್ಲಿ ಮೊಳಕೆ ಬಾರ್ಲಿ ಕುದಿಸುತ್ತಿದ್ದಳು. ಪಕ್ಕದಲ್ಲಿ ಒಂದು ಇಡೀ ಪೀಪಾಯಿ, ತೊಳೆದು ಒರೆಸಿಟ್ಟದ್ದು.

"ಇದೇನೇ ಇಷ್ಟೊಂದು?"

"ಹೆರಿಗೆ ಬಿಯರು."

ನಮ್ಮ ಕಡೆ ಬಸುರಿ ಹೆಂಗಸು ದಿನ ತುಂಬುವ ಮುಂಚೆ ತಾನೇ ಬಿಯರ್ ಮಾಡಿಡುತ್ತಾಳೆ. ನೋವು ಶುರುವಾದೊಡನೆ ಸುತ್ತಲಿನ ಹೆಂಗಸರೆಲ್ಲ ಬಂದು ಗಂಡಸರನ್ನು ಆಚೆ ಅಟ್ಟಿ ಬಾಗಿಲು ಹಾಕಿಕೊಳ್ಳುತ್ತಾರೆ. ಆ ಬಿಯರ್ ಕುಡಿಯುತ್ತಾ, ಕೇಕು ತಿನ್ನುತ್ತಾ, ಒಂದು ನೋವಿಗೂ ಇನ್ನೊಂದು ನೋವಿಗೂ ನಡುವೆ ಊರ ಸುದ್ದಿಯೆಲ್ಲ ಮಾತಾಡಿಕೊಂಡು ಅವಳನ್ನು ದಡ ಸೇರಿಸುತ್ತಾರೆ. ಅದಾದ ಮೇಲೆ ಒಂದು ತಿಂಗಳ ಬಾಣಂತನ.

"ಅದು ಗೊತ್ತು ಕಣೇ. ಯಾರಿಗೆ ಅಂತ ಇಷ್ಟು?"

"ಬರೋ ಹೆಂಗಸ್ರಿಗೆ. ಆರು ಜನ ಅಂತ ಅಂದಾಜು ಹಾಕಿದೀನಿ."

"ಆರು ಜನ ಎಲ್ಲಿದಾರೆ ಹೆಪ್ಸಿ?"

ಅವಳು ಸೌಟು ತಿರುಗಿಸುವುದನ್ನು ನಿಲ್ಲಿಸಲಿಲ್ಲ. "ಊರು ಕಟ್ಟಿರೋರು ನೀವು. ಹುಡುಕಿ."

ಹುಡುಕಲು ಹೊರಟೆ. ಹೆಪ್ಪುಗಟ್ಟಿದ ಹೊಳೆಯ ಮೇಲೆ ನಡೆದು ಆಚೆ ದಡಕ್ಕೆ ಹೋಗಿ ಕ್ಲಿಂಗರಮ್ಮನ ಒಲೆಯ ಮುಂದೆ ನಿಂತು ಭಾಷಣ ಮಾಡಿದೆ. ಪಡುವಣ ದಡಕ್ಕೆ ಬರುವ ಮೊದಲ ಆರು ಸಂಸಾರಕ್ಕೆ ನಿವೇಶನ ಪುಕ್ಕಟೆ, ಬೇಲಿಗೆ ಮರ ಪುಕ್ಕಟೆ, ಸಂತೆ ಮೈದಾನದ ಎದುರೇ ಬಾಗಿಲು ಎಂದೆಲ್ಲ ಅಂಗೈಯಲ್ಲಿ ಅರಮನೆ ತೋರಿಸಿದೆ. ಹೆಂಗಸರು ಬಿಸಿ ಬ್ರೆಡ್ ತಿನ್ನುತ್ತಾ ಕೇಳಿದರು. ಒಬ್ಬಳು ಆಕಳಿಸಿದಳು.

ಕ್ಲಿಂಗರಮ್ಮ ಕೈಯ ಹಿಟ್ಟು ಕೊಡವಿ ನನ್ನನ್ನು ಪಕ್ಕಕ್ಕೆ ಎಳೆದಳು. "ನಿಮ್ಮಾಕೆಗೆ ದಿನ ಯಾವಾಗ?"

"ಮಾರ್ಚ್ ಕೊನೆಗೆ."

"ಹಂಗಾದ್ರೆ ಈಗ್ಲೇ ಇಲ್ಲಿಗೆ ಕರ್ಕೊಂಬನ್ನಿ. ನನ್ನ ಮನೇಲಿ ಹಾಸಿಗೆ ಐತೆ, ಒಲೆ ಬೆಚ್ಚಗೈತೆ. ಎಷ್ಟು ಮಕ್ಕಳನ್ನ ಈ ಕೈಲಿ ಇಳಿಸಿದೀನಿ ಅಂತ ನಂಗೇ ಲೆಕ್ಕ ಇಲ್ಲ."

"ಆಗೋದಿಲ್ಲ ತಾಯಿ. ಅಧಿಕಾರಿ ಇವತ್ತೋ ನಾಳೆಯೋ ಬರ್ತಾನೆ. ಅವಳು ಅಲ್ಲಿಲ್ಲ ಅಂದ್ರೆ ನಮ್ಮೂರು ಖಾಲಿ ಅಂತ ಬರ್ಕೊಂಡು ಹೋಗ್ತಾನೆ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಒಬ್ಬ ಹೆಂಗಸು ಬಾಣಂತನಕ್ಕೆ ಹೋದ್ರೆ ಖಾಲಿ ಆಗೋ ಊರು, ಅದ್ಯಾತರ ಊರಪ್ಪಾ?"

ನನಗೆ ಸೋಲುವ ಅಭ್ಯಾಸ ಇರಲಿಲ್ಲ. ನೋವು ಕಂಡ ಕೂಡಲೇ ಓಡಿ ಬಂದು ಕರೆಯುತ್ತೇನೆ, ನೀವು ಆರು ಜನ ಗಡ್ಡೆಯ ಮೇಲೆ ನಡೆದು ಬಂದುಬಿಡಿ ಎಂದೆ. "ಹೊಳೆ ಬಿಟ್ರೆ ಬರ್ತೀವಿ" ಎಂದಳು. ಮನೆಗೆ ಬಂದು ಹೆಪ್ಸಿಗೆ ಹೇಳಿದೆ, ಎಲ್ಲ ಏರ್ಪಾಡಾಯಿತು ಎಂದು.

"ಅಷ್ಟರೊಳಗೆ ಹೊಳೆ ಮೇಲಿನ ಗಡ್ಡೆ ಒಡೆದ್ರೆ?" ಎಂದಳು.

"ಏಪ್ರಿಲ್‌ಗೆ ಮುಂಚೆ ಒಡೆಯಲ್ಲ. ಈ ಹೊಳೆ ನಂಗೆ ಗೊತ್ತಿಲ್ವಾ?"

ಸ್ಥಾಪಕನ ಮಾತು ಕೇಳಿ ಹೊಳೆಗೆ ನಗು ಬಂದಿರಬೇಕು. ಮಾರ್ಚ್ ನಡುವಿನಲ್ಲೇ ದಡದಿಂದ ದಡಕ್ಕೆ ಗುಡುಗಿದ ಹಾಗೆ ಸದ್ದಾಗಿ ಗಡ್ಡೆ ಒಡೆಯಿತು. ಬಾಗಿಲಿನಷ್ಟು ಅಗಲದ ಚೂರುಗಳು ಒಂದರ ಮೇಲೊಂದು ಹತ್ತಿಕೊಂಡು ಹರಿದವು. ದೋಣಿ ಇಳಿಸುವ ಮಾತೇ ಇಲ್ಲ. ಅದೇ ದಿನ ಆಚೆ ದಡದಲ್ಲಿ ಯಾರೋ ಕೊಂಬು ಊದತೊಡಗಿದರು. ಮಾರನೆಯ ದಿನವೂ ಊದಿದರು. ಇಂಥ ಹೊಳೆಯನ್ನು ನೋಡಿಯೂ ಊದುವವನು ಯಾವ ತಲೆಹರಟೆ ಎಂದು ನಾನು ಕಿವಿಗೆ ಉಣ್ಣೆ ಟೋಪಿ ಎಳೆದುಕೊಂಡೆ.

ಮೂರನೆಯ ಬೆಳಿಗ್ಗೆ ನಾನು ಮೇಕೆಗೆ ಹುಲ್ಲು ಹಾಕುತ್ತಿದ್ದೆ. ಬಾಗಿಲು ತೆರೆದ ಸದ್ದಾಯಿತು. ಹೆಪ್ಸಿ ಮೈತುಂಬ ಕಂಬಳಿ ಹೊದ್ದು, ಬಿಯರಿನ ಪೀಪಾಯಿಯನ್ನು ಕಾಲಿನಿಂದ ಉರುಳಿಸುತ್ತಾ ಇಳಿಜಾರಿನಲ್ಲಿ ದೋಣಿಯ ಕಡೆ ಹೋಗುತ್ತಿದ್ದಳು. ನಡುವೆ ಒಮ್ಮೆ ನಿಂತು, ಬೇಲಿ ಹಿಡಿದು ಬಗ್ಗಿ, ಹಲ್ಲು ಕಚ್ಚಿಕೊಂಡು ನಿಂತಳು. ನಾನು ಹುಲ್ಲು ಅಲ್ಲೇ ಬಿಟ್ಟು ಓಡಿದೆ.

"ಹೆಪ್ಸಿ! ಶುರುವಾಯ್ತಾ? ಇನ್ನೂ ದಿನ ಇತ್ತಲ್ಲ!"

"ಮಗುಗೆ ಹೇಳಿ ಅದನ್ನ."

"ಹೊಳೆ ನೋಡೇ ಹೇಗಿದೆ! ಅದೂ ಅಲ್ದೆ ಆ ಅಧಿಕಾರಿ ಏನಾದ್ರೂ…"

"ಟನ್‌ಸ್ಟಾಲರೇ." ಅವಳು ನನ್ನನ್ನು ಹಾಗೆ ಕರೆದಳೆಂದರೆ ಮುಗಿಯಿತು, ಅಪ್ಪಣೆಯೇ. "ಜಲ್ಲೆ ತಗೊಳ್ಳಿ."

"ನೀನು ಮಲಕ್ಕೋ, ನಾನೇ ಹೋಗಿ ಅವರನ್ನ ಕರ್ಕೊಂಡು…"

"ಚುಕ್ಕಾಣಿ ಹಿಡಿಯೋರ್ಯಾರು? ನೀವೊಬ್ರೇ ಹೋದ್ರೆ ಸಮುದ್ರ ಸೇರ್ತೀರಿ. ನಾನೊಬ್ಳೇ ಇಲ್ಲಿ ಹೆರ್ತೀನಿ." ಅವಳು ವಾಲ್‌ನಟ್ ಮರದ ಕಡೆ ಕೈ ಮಾಡಿದಳು. "ಆ ಮರದ ಕೆಳಗೆ ಇನ್ನೊಂದು ಗುಂಡಿ ತೋಡೋಕೆ ನಾನು ಬಿಡಲ್ಲ. ಜಲ್ಲೆ ತಗೊಳ್ಳಿ."

ತೆಗೆದುಕೊಂಡೆ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು. ಆದರೂ ನನ್ನ ಬುದ್ಧಿ ನೋಡಿ, ದೋಣಿಯ ಹಗ್ಗ ಬಿಚ್ಚುವಾಗಲೂ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ. ಇವಳನ್ನು ಬಿಟ್ಟು ಓಡಿ ಬಂದು ಒಲೆ ಹಚ್ಚಿದರೆ, ಅಧಿಕಾರಿ ಬಂದಾಗ "ಹೆಂಡತಿ ಕಾಡಿಗೆ ಸೌದೆ ತರಲು ಹೋಗಿದ್ದಾಳೆ" ಎನ್ನಬಹುದಲ್ಲ!

ಗಡ್ಡೆಯ ಚೂರುಗಳು ದೋಣಿಯ ಮಗ್ಗುಲಿಗೆ ಬಂದು ಡಬ್ ಡಬ್ ಎಂದು ಬಡಿಯುತ್ತಿದ್ದವು. ನಾನು ಜಲ್ಲೆಯಿಂದ ಒಂದನ್ನು ತಳ್ಳಿದರೆ ಎರಡು ಬರುತ್ತಿದ್ದವು. ಹಿಂದಿನಿಂದ ಹೆಪ್ಸಿ ಕೂಗುತ್ತಿದ್ದಳು.

"ಎಡಕ್ಕೆ! ಅಯ್ಯೋ, ನಿಮ್ಮ ಎಡ ಅಲ್ಲ, ದೋಣಿ ಎಡ! ಇಷ್ಟು ವರ್ಷ ಆಯ್ತು, ಇನ್ನೂ ಗೊತ್ತಾಗಲ್ವಲ್ಲ ನಿಮ್ಗೆ!"

ನೋವು ಬಂದಾಗ ಮಾತು ನಿಲ್ಲುತ್ತಿತ್ತು. ಆಗ ನಾನು ಹಿಂದಿರುಗಿ ನೋಡುತ್ತಿದ್ದೆ. ಚುಕ್ಕಾಣಿಯ ಮೇಲೆ ಎದೆ ಒರಗಿಸಿ, ಕಣ್ಣು ಮುಚ್ಚಿ, ಆದರೂ ಕೈ ಬಿಡದೆ ನಿಂತಿರುತ್ತಿದ್ದಳು. ನಡುಹೊಳೆಯಲ್ಲಿ ದೊಡ್ಡ ಗಡ್ಡೆಯೊಂದು ಬಂದು ಅಪ್ಪಳಿಸಿತು, ನಾನು ಮಂಡಿಯೂರಿ ಬಿದ್ದೆ, ಪೀಪಾಯಿ ಉರುಳಿ ನನ್ನ ಸೊಂಟಕ್ಕೆ ಗುದ್ದಿತು. ಭಯದಲ್ಲಿ ದೇವರ ಹೆಸರೂ ಬಾಯಿಗೆ ಬರಲಿಲ್ಲ. ಇವಳನ್ನು ಉಳಿಸು, ನನ್ನ ಪಟ್ಟಣವನ್ನು ಬೇಕಾದರೆ ತೆಗೆದುಕೋ ಎಂದು ಹೇಳಿದ್ದು ನೆನಪಿದೆ. ದೇವರಿಗೆ ನಾನು ಕೊಡಹೊರಟಿದ್ದು ಒಂದು ಮನೆ, ಒಂದು ಕೊಟ್ಟಿಗೆ, ಒಂದು ಮೇಕೆ. ಅವನಿಗೂ ನಗು ಬಂದಿರಬೇಕು.

ಆಚೆ ದಡದವರು ನಮ್ಮನ್ನು ಕಂಡಿದ್ದರು. ಹೆಂಗಸರು ಲಂಗ ಎತ್ತಿಕಟ್ಟಿ ಮೊಣಕಾಲಿನ ನೀರಿಗೆ ಇಳಿದು ದೋಣಿ ಎಳೆದುಕೊಂಡರು. ಕ್ಲಿಂಗರಮ್ಮ ಹೆಪ್ಸಿಯನ್ನು ಮಗುವಿನ ಹಾಗೆ ಎತ್ತಿಕೊಂಡಳು. ಮೆಕ್‌ಇಲ್ವೇನ್ ಮತ್ತು ಇನ್ನೊಬ್ಬ ಪೀಪಾಯಿಯನ್ನು ಜೋಪಾನವಾಗಿ ಹೊತ್ತುಕೊಂಡು ಹೋದರು. ಪೀಪಾಯಿಗೆ ಸಿಕ್ಕಿದ ಮರ್ಯಾದೆ ನನಗೆ ಸಿಗಲಿಲ್ಲ. ನಾನು ಹಿಂದೆಯೇ ಓಡಿ ಬಾಗಿಲವರೆಗೂ ಹೋದೆ.

"ಗಂಡಸ್ರಿಗೆ ಏನ್ ಕೆಲ್ಸ ಇಲ್ಲಿ? ನಡೀರಿ ಆಚೆ!" ಎಂದು ಕ್ಲಿಂಗರಮ್ಮ ಬಾಗಿಲನ್ನು ನನ್ನ ಮೂಗಿನ ಮೇಲೇ ಹಾಕಿದಳು.

ತಿರುಗಿದರೆ ಎದುರಿಗೆ ಒಬ್ಬ ತರುಣ ನಿಂತಿದ್ದ. ಒಳ್ಳೆಯ ಕೋಟು, ಕೆಂಪಗಾದ ಮೂಗು, ಬಾತುಕೊಂಡ ತುಟಿ.

"ಕಡವಿನವರು ನೀವೇನಾ? ಎರಡು ದಿನದಿಂದ ಕೊಂಬು ಊದ್ತಾ ಇದೀನಿ ಸ್ವಾಮಿ, ಸೂಪು ಕುಡಿಯೋಕೂ ಆಗ್ತಿಲ್ಲ" ಎಂದ. "ನನ್ನ ಹೆಸರು ಪೆಟಿಗ್ರೂ. ಭೂಮಿ ಕಚೇರಿಯಿಂದ ಬಂದಿದೀನಿ. ಟನ್‌ಸ್ಟಾಲ್ ಪಟ್ಟಣ ನೋಡ್ಬೇಕಿತ್ತು."

ಮೆಕ್‌ಇಲ್ವೇನ್ ಬೇಕೆಂದೇ ಹತ್ತಿರ ಬಂದ. "ಇವರೇ ಟನ್‌ಸ್ಟಾಲ್. ಪಟ್ಟಣ ಅಗೋ ಅಲ್ಲಿ. ಕೊಟ್ಟಿಗೆ ಮೇಲೆ ನಿಂತಿದೆಯಲ್ಲ, ಅದು ಪ್ರಜೆ."

ಹೊಳೆಯಾಚೆ ನನ್ನ ಮೇಕೆ ಕೊಟ್ಟಿಗೆಯ ಸೂರು ಹತ್ತಿ ನಿಂತಿತ್ತು.

ಪೆಟಿಗ್ರೂ ಪಾಪ, ನಗಲಿಲ್ಲ. "ನಾನು ಬಂದಾಗ ಇದೇ ಟನ್‌ಸ್ಟಾಲ್ ಅಂದ್ಕೊಂಡೆ. ಒಲೆ ಇದೆ, ಕುಲುಮೆ ಇದೆ, ಇಷ್ಟೊಂದು ಮನೆ. ಎಷ್ಟು ಚೆನ್ನಾಗಿ ಕಟ್ಟಿದಾರೆ ಅಂತ ಖುಷಿಯಾಯ್ತು. ಆಮೇಲೆ ಇವರು ಹೇಳಿದ್ರು, ನಿಮ್ಮದು ಅದು ಅಂತ." ಹರಿಯುತ್ತಿದ್ದ ಗಡ್ಡೆಗಳನ್ನು ನೋಡಿ ತಲೆಯಾಡಿಸಿದ. "ನೋಡಿ ಟನ್‌ಸ್ಟಾಲರೇ, ಈ ಹೊಳೆ ದಾಟೋಕೆ ನನ್ನಿಂದಾಗಲ್ಲ. ನಂಗೂ ಹೆಂಡ್ತಿ ಮಕ್ಕಳಿದಾರೆ. ನಿಮ್ಮ ಸಂಸಾರ ಅಲ್ಲೇ ವಾಸವಾಗಿದೆ ತಾನೆ? ಹೂಂ ಅಂದ್ಬಿಡಿ. ಹೆರಿಗೆಗೆ ಅಂತ ಇಲ್ಲಿಗೆ ಬಂದಿದಾರೆ, ಮುಗಿಸ್ಕೊಂಡು ವಾಪಸ್ ಹೋಗ್ತಾರೆ ಅಂತ ಬರ್ಕೊಂಡು ಹೊರಡ್ತೀನಿ. ಇನ್ನು ಮೂರು ವರ್ಷ ಅವರು ಆ ನೆಲದ ಮೇಲೇ ಇರ್ಬೇಕಾಗುತ್ತೆ. ಅಷ್ಟೇ."

ಅಷ್ಟೇ. ಇಂಥ ಒಳ್ಳೆಯ ಅಧಿಕಾರಿಯನ್ನು ಅದಕ್ಕೆ ಮುಂಚೆಯೂ ನಾನು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಹೂಂ ಎನ್ನುವುದು ನಾಲಗೆಯ ತುದಿಯವರೆಗೆ ಬಂದಿತ್ತು. ನನ್ನ ಬೀದಿ, ನನ್ನ ಸಂತೆ ಮೈದಾನ, ಮುಂದೊಂದು ದಿನ ಮೊಮ್ಮಕ್ಕಳು ಬೆರಳು ಮಾಡಿ ತೋರಿಸುವ ನನ್ನ ಹೆಸರು, ಎಲ್ಲವೂ ಒಂದು ಹೂಂನ ದೂರದಲ್ಲಿದ್ದವು.

ಆಗ ಒಳಗಿನಿಂದ ಹೆಪ್ಸಿಯ ಕೂಗು ಬಂತು. ಅಂಥ ಕೂಗು ನಾನು ನಾಲ್ಕು ವರ್ಷದ ಹಿಂದೆ ಕೇಳಿದ್ದೆ. ಆದರೆ ಈ ಸಲ ಅದರ ಬೆನ್ನಿಗೇ ಐದಾರು ಹೆಂಗಸರ ದನಿ ಎದ್ದಿತು. ಒಬ್ಬಳು ಜರ್ಮನಿನಲ್ಲಿ ಗದರಿದಳು, ಇನ್ನೊಬ್ಬಳು ಸ್ಕಾಟರ ಮಾತಿನಲ್ಲಿ ರಮಿಸಿದಳು, ಯಾರೋ ಏನೋ ಪೋಲಿ ಮಾತು ಹೇಳಿದರು, ಎಲ್ಲರೂ ಘೊಳ್ಳೆಂದರು. ಆ ನೋವಿನ ನಡುವೆಯೂ ಹೆಪ್ಸಿ ನಕ್ಕಳು. ಹೌದು, ನಕ್ಕಳು. ನನ್ನ ಮನೆಯಲ್ಲಿ ಸೈಮನ್ ಕಾಲೆತ್ತಿದ ದಿನ ಬಿಟ್ಟರೆ ಆ ನಗುವನ್ನು ನಾನು ಕೇಳಿಯೇ ಇರಲಿಲ್ಲ.

"ಇಲ್ಲ ಸ್ವಾಮಿ" ಎಂದೆ.

"ಏನು ಇಲ್ಲ?"

"ಅವಳು ಅಲ್ಲಿ ವಾಸ ಇಲ್ಲ. ನಮ್ಮ ಮನೆ ಇಲ್ಲೇ."

"ಇಲ್ಲಿ ಯಾವುದು?"

ನನಗೆ ಅಲ್ಲಿ ಕೋಳಿಗೂಡೂ ಇರಲಿಲ್ಲ. ಕೈಗೆ ಎದುರಾಗಿ ಸಿಕ್ಕಿದ್ದನ್ನು ತೋರಿಸಿದೆ. ಅದು ಮೆಕ್‌ಇಲ್ವೇನನ ಇದ್ದಿಲಿನ ಕೊಠಡಿ.

"ಅದು ನಂದು ಕಣಯ್ಯಾ!" ಎಂದ ಮೆಕ್‌ಇಲ್ವೇನ್. ನನ್ನ ಮುಖ ನೋಡಿದ. ಅಲ್ಲಿ ಏನು ಕಂಡನೋ, ಗಂಟಲು ಸರಿ ಮಾಡಿಕೊಂಡ. "ಅಂದ್ರೆ… ನಂದಾಗಿತ್ತು. ಈಗ ಇವರದೇ. ಇದ್ದಿಲು ಗುಡಿಸಿ ಕೊಡ್ತೀನಿ."

ಪೆಟಿಗ್ರೂ ನಿಟ್ಟುಸಿರು ಬಿಟ್ಟ. "ಆ ನೆಲ ಹೋಗುತ್ತೆ, ಗೊತ್ತಲ್ಲ?"

"ಹೋಗ್ಲಿ. ಅಲ್ಲಿ ಒಂದು ಮರದ ಸುತ್ತ ಇರೋ ಅಷ್ಟಗಲ ಜಾಗ ಮಾತ್ರ ಯಾರೂ ಉಳೋದು ಬ್ಯಾಡ. ಇಷ್ಟು ಬರ್ಕೊಳ್ಳಿ."

ಅವನು ಯಾಕೆ ಎಂದು ಕೇಳದೆ ಬರೆದುಕೊಂಡ. ಆಮೇಲೆ ಸುತ್ತ ನಿಂತವರನ್ನು ಕೇಳಿದ: "ಸರಿ, ಈ ಊರನ್ನಾದ್ರೂ ದಾಖಲೆಗೆ ಸೇರಿಸ್ತೀನಿ. ಇದನ್ನ ಸ್ಥಾಪಿಸಿದ್ದು ಯಾರು?"

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಏನನ್ನೂ ಸ್ಥಾಪಿಸಿರಲಿಲ್ಲ, ಕಾದಿದ್ದರು ಅಷ್ಟೆ. ಕೊನೆಗೆ ಮೆಕ್‌ಇಲ್ವೇನ್ ನನ್ನ ಬೆನ್ನು ತಟ್ಟಿದ. "ಇವರೇ ಬರ್ಕೊಳ್ಳಿ. ಇವರೇನಾದ್ರೂ ಕರೆದ ತಕ್ಷಣ ಬರೋ ಮನುಷ್ಯ ಆಗಿದ್ರೆ ನಾವೆಲ್ಲ ಎಂದೋ ಆಚೆ ಹೋಗ್ಬಿಡ್ತಿದ್ವಿ."

"ಹೆಸರು?"

"ಕ್ಲಿಂಗರಮ್ಮನ ಒಲೆ" ಎಂದರು ಎಲ್ಲರೂ ಒಟ್ಟಿಗೆ. ಅದನ್ನು ಕೇಳಬೇಕೇ ಎನ್ನುವ ಹಾಗೆ.

ಹೀಗೆ ಸ್ಥಾಪಕ ನಾನಾದೆ, ಹೆಸರು ಅವಳದಾಯಿತು. ಆ ಕ್ಷಣದಲ್ಲಿ ಊರಿಗೆ ಸೈತಾನ ಬೀಲ್ಜೆಬೂಬನ ಹೆಸರಿಟ್ಟಿದ್ದರೂ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಯಾಕೆಂದರೆ ಒಳಗೆ ದನಿಗಳು ನಿಂತುಹೋಗಿದ್ದವು. ಹೆಂಗಸರು ಮಾತು ನಿಲ್ಲಿಸಿದರೆ ಅದಕ್ಕಿಂತ ಹೆದರಿಕೆಯದು ಇನ್ನೊಂದಿಲ್ಲ. ನಾನು ಬಾಗಿಲ ಮುಂದೆ ನಿಂತೆ. ಕೂತೆ. ಮತ್ತೆ ನಿಂತೆ. ಪೆಟಿಗ್ರೂ ತನ್ನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ, ಯಾರೋ ಸತ್ತಾಗ ತೆಗೆಯುವ ಹಾಗೆ. ಬೇಡಪ್ಪಾ, ಟೋಪಿ ಹಾಕಿಕೋ ಎಂದು ಕಿರುಚಬೇಕೆನಿಸಿತು.

ಬಹಳ ಹೊತ್ತಾದ ಮೇಲೆ ಒಂದು ಸಣ್ಣ ಕೂಗು. ಸಿಟ್ಟಿನ ಕೂಗು, ನಮ್ಮ ಮನೆತನದ್ದೇ.

ಕ್ಲಿಂಗರಮ್ಮ ಬಾಗಿಲು ತೆರೆದಳು. ಮುಖವೆಲ್ಲ ಬೆವರು. "ಹೆಣ್ಣು. ಕಾಲು ಮುಂದಾಗಿ ಬಂದ್ಲು, ಹಟಮಾರಿ. ತಿರುಗ್ಸೋಕೆ ನಾವು ನಾಲ್ಕು ಜನ ಬೇಕಾಯ್ತು, ನಿಮ್ಮಾಕೆನ ಹಿಡ್ಕೊಳ್ಳೋಕೆ ಇನ್ನಿಬ್ರು. ಇಬ್ರೂ ಚೆನ್ನಾಗಿದಾರೆ. ಒಂದ್ಸಲ ನೋಡ್ಕೊಂಡ್ ಬನ್ನಿ, ಬೇಗ."

ಒಳಗೆ ಹೋದೆ. ಕೋಣೆ ಬೆಂಕಿಯ ಶಾಖದಿಂದ, ಬಿಯರಿನ ವಾಸನೆಯಿಂದ ತುಂಬಿಹೋಗಿತ್ತು. ಹೆಂಗಸರು ಹಾಸಿಗೆಯ ಸುತ್ತ ಕೂತು ಎಲ್ಲರೂ ಒಟ್ಟಿಗೆ ಮಾತನಾಡುತ್ತಿದ್ದರು, ಅರ್ಧ ಮಾತು ಒಬ್ಬರದು ಒಬ್ಬರಿಗೆ ಅರ್ಥವಾಗುತ್ತಿರಲಿಲ್ಲ, ಯಾರೂ ಅದನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲ. ಅವರ ನಡುವೆ ಹೆಪ್ಸಿ, ಸುಣ್ಣದಷ್ಟು ಬೆಳ್ಳಗೆ, ಎದೆಯ ಮೇಲೆ ಬಟ್ಟೆ ಸುತ್ತಿದ ಮಗು. ಎಲ್ಲರಿಗಿಂತ ಹೆಚ್ಚು ಮಾತನಾಡುತ್ತಿದ್ದವಳು ಅವಳು. ಯಾರ್ಕ್‌ಷೈರಿನ ಅವಳಮ್ಮನ ಮನೆಯ ಕಥೆ, ಹಡಗಿನಲ್ಲಿ ಯಾರೋ ಹಂದಿಯನ್ನು ಹಾಸಿಗೆಯಲ್ಲಿ ಬಚ್ಚಿಟ್ಟ ಕಥೆ, ನಾನು ಒಂದು ಸಲವೂ ಕೇಳಿರದ ಕಥೆಗಳು. ಇಷ್ಟು ವರ್ಷ ನನ್ನ ಹೆಂಡತಿ ಮಿತಭಾಷಿ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಪಾಪ, ಅವಳಿಗೆ ಮಾತನಾಡಲು ಒಬ್ಬರೂ ಇರಲಿಲ್ಲ.

ನನ್ನನ್ನು ಕಂಡು ಸುಮ್ಮನಾದಳು.

"ಹೆಪ್ಸಿ, ಆ ನೆಲ…" ಎಂದೆ.

"ಕಿಟಕೀಲಿ ಎಲ್ಲ ಕೇಳಿಸ್ತು" ಎಂದಳು. ನನ್ನ ಕೈ ಹಿಡಿದು ಮಗುವಿನ ತಲೆಯ ಮೇಲೆ ಇಟ್ಟಳು. ತಲೆ ಬೆಚ್ಚಗಿತ್ತು, ಇನ್ನೂ ಒದ್ದೆಯಾಗಿತ್ತು. "ಜೇಬೆಜ್" ಎಂದಳು. ಅವಳು ನನ್ನನ್ನು ಹಾಗೆ ಕರೆದು ಎಷ್ಟು ಕಾಲವಾಗಿತ್ತೋ. ನನ್ನ ಕಣ್ಣು ತುಂಬಿತು. ಏನೋ ದೊಡ್ಡ ಮಾತು ಹೇಳುತ್ತಾಳೆಂದು ಬಗ್ಗಿ ನಿಂತೆ.

"ಈಗ ಆಚೆ ಹೋಗಿ ಸ್ವಲ್ಪ" ಎಂದಳು. "ನಾವು ಮಾತಾಡ್ತಾ ಇದೀವಿ."

ನಾನು ಆಚೆ ಬಂದು ಬಾಗಿಲು ಹಾಕಿ ಮೆಟ್ಟಿಲ ಮೇಲೆ ಕೂತೆ. ಅವರ ಮಾತು ಮುಗಿಯಲಿ, ಆಮೇಲೆ ಒಳಗೆ ಹೋಗೋಣ ಎಂದು ಕಾದೆ. ಮುಗಿಯಲೇ ಇಲ್ಲ.